ಇನ್ನೊಂದು ದೋಣಿಯಲ್ಲಿದ್ದ ಜೊತೆಗಾರರು

(ಪಾದುವಾದ ಸಂತ ಅಂತೋನಿಯವರ ಹಬ್ಬದ ಪ್ರಯುಕ್ತ ಜೂನ್ 13ರಂದು ಹಿಂಡಲಗಾದಲ್ಲಿ ನೀಡಿದ ಪ್ರಬೋಧನೆ)



ಒಂಬತ್ತು ದಿನಗಳ ನೊವೆನಾ ಮುಗಿಸಿ ಇಂದು ನಾವೆಲ್ಲ ಸಂತ ಅಂತೋನಿಯವರ ಹಬ್ಬಕ್ಕೆ ಕೂಡಿದ್ದೇವೆ. ಹೊರಗೆ ಮುಂಗಾರು ಕಾಲಿಟ್ಟಿದೆ. ಕೈಯಲ್ಲಿ ಮೇಣದಬತ್ತಿ, ಮನಸ್ಸಿನಲ್ಲಿ ಹರಕೆ. ಕೆಲವರು ಕಳೆದುಹೋದ ಒಡವೆಯನ್ನು, ಕೆಲವರು ಕಳೆದುಹೋದ ಕೆಲಸವನ್ನು, ಕೆಲವರು ದಾರಿ ತಪ್ಪಿದ ಮಗನನ್ನು ಹುಡುಕಿಕೊಡಿರೆಂದು ಈ ಸಂತರ ಮುಂದೆ ಮೊಣಕಾಲೂರಿದ್ದೇವೆ. ನಮ್ಮ ಬೇಡಿಕೆಗಳನ್ನು ದೇವರು ಆಲಿಸಲಿ.

ಸಂತ ಅಂತೋನಿಯವರು 1195ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ಪಟ್ಟಣದಲ್ಲಿ ಹುಟ್ಟಿದರು. ಅದು ಬಂದರು ಪಟ್ಟಣ. ಧರ್ಮಕ್ಕಾಗಿ ಪ್ರಾಣ ಕೊಡಬೇಕೆಂಬ ಹಂಬಲದಿಂದ ಹಡಗು ಹತ್ತಿ ಮೊರೊಕ್ಕೊ ದೇಶಕ್ಕೆ ಹೋದರು. ಅಲ್ಲಿ ಕಾಯಿಲೆ ಬಿದ್ದು ಹಿಂದಿರುಗುವಾಗ ಬಿರುಗಾಳಿ ಎದ್ದು, ಊರಿಗೆ ಹೋಗಬೇಕಾದ ಹಡಗು ಇಟಲಿಯ ಸಿಸಿಲಿ ದಡಕ್ಕೆ ಬಂದು ಸೇರಿತು. ಹೀಗೆ ಸಮುದ್ರವೇ ಅವರನ್ನು ಇಟಲಿಗೆ ಕರೆತಂದಿತು ಎನ್ನಬಹುದು. 1231ರ ಜೂನ್ 13ರಂದು, ಇನ್ನೂ ನಡುವಯಸ್ಸು ಕಾಣುವ ಮೊದಲೇ, ಪಾದುವಾದ ಬಳಿ ಪ್ರಾಣಬಿಟ್ಟರು. ಒಂದು ವರ್ಷ ತುಂಬುವ ಮೊದಲೇ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. 1946ರಲ್ಲಿ ಅವರಿಗೆ ಧರ್ಮಸಭೆಯ ಪಂಡಿತರೆಂಬ ಪದವಿಯೂ ದೊರೆಯಿತು.

ಅವರ ಜೀವನದ ಒಂದು ಕಥೆ ಮಕ್ಕಳಿಗೂ ಗೊತ್ತು. ರಿಮಿನಿ ಎಂಬ ಊರಿನಲ್ಲಿ ಜನ ಅವರ ಬೋಧನೆಗೆ ಕಿವಿಗೊಡಲಿಲ್ಲ. ಆಗ ಅವರು ನದಿ ಸಮುದ್ರವನ್ನು ಸೇರುವ ಸ್ಥಳಕ್ಕೆ ಹೋಗಿ, “ಮನುಷ್ಯರು ಕೇಳದಿದ್ದರೆ ಮೀನುಗಳಾದರೂ ಕೇಳಲಿ” ಎಂದು ಪ್ರಬೋಧನೆ ಆರಂಭಿಸಿದರಂತೆ. ಸಣ್ಣವು ಮುಂದೆ, ದೊಡ್ಡವು ಹಿಂದೆ, ಒಂದನ್ನೊಂದು ಹೆದರಿಸದೆ ಮೀನುಗಳು ನೀರಿನಿಂದ ತಲೆ ಎತ್ತಿ ನಿಂತವೆಂದು ಸಂಪ್ರದಾಯ ಹೇಳುತ್ತದೆ. ಅವುಗಳನ್ನು ಕಂಡು ಊರಿನವರು ನಾಚಿ, ಬಂದು ಕುಳಿತು ಕೇಳಿದರು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಸಂತರ ಪವಾಡವೆಂದು ಹೇಳಿ ಮುಗಿಸುತ್ತೇವೆ. ಇಂದು ಅದರ ಸ್ಥಳವನ್ನೂ ಗಮನಿಸೋಣ. ಅವರು ನಿಂತದ್ದು ನದಿ ಕೊನೆಯಾಗಿ ಕಡಲು ಆರಂಭವಾಗುವ ಜಾಗದಲ್ಲಿ. ಘಟ್ಟದ ಮೇಲಿನ ಹಿಂಡಲಗಾದ ಜನರಿಗೆ ಆ ಜಾಗದ ಜೊತೆ ಏನು ಸಂಬಂಧ? ನಮಗೆ ಕಡಲು ಕಾಣುವುದು ಗೋವೆಗೆ ಮದುವೆಗೆ ಹೋದಾಗ, ಕಾರವಾರಕ್ಕೆ ಪ್ರವಾಸ ಹೋದಾಗ. ಉಳಿದ ದಿನಗಳಲ್ಲಿ ಕಡಲು ನಮಗೆ ಬುಟ್ಟಿಯಲ್ಲಿ ಬರುವ ಮೀನು ಮಾತ್ರ. ಆದರೂ ಕಡಲಿನ ಬಗ್ಗೆ ಈ ಹಬ್ಬದ ದಿನ ಮಾತಾಡಲು ನಮಗೆ ಕಾರಣವಿದೆ.

ಒಂದೇ ತಾಲೂಕು, ಎರಡು ಕಡಲು

ನಮ್ಮ ಪಕ್ಕದ ಖಾನಾಪುರ ತಾಲೂಕನ್ನು ನೆನೆಯಿರಿ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಕೊನೆಗೆ ಆಂಧ್ರದ ದಡದಲ್ಲಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತಾಳೆ. ಅದೇ ತಾಲೂಕಿನ ದೇಗಾಂವ ಬಳಿಯ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವೆಯಲ್ಲಿ ಮಾಂಡೋವಿ ಎಂದು ಹೆಸರು ಪಡೆದು, ಪಣಜಿಯ ಬಳಿ ಅರಬ್ಬೀ ಸಮುದ್ರಕ್ಕೆ ಸೇರುತ್ತಾಳೆ. ಇಂದು ಬೆಳಿಗ್ಗೆ ಖಾನಾಪುರದ ಗುಡ್ಡದ ಮೇಲೆ ಬಿದ್ದ ಎರಡು ಮಳೆಹನಿಗಳು ಒಂದಕ್ಕೊಂದು ನಾಲ್ಕು ಮಾರು ದೂರದಲ್ಲಿದ್ದರೂ, ಒಂದು ಹನಿ ಒಂದು ಕಡಲಿಗೆ, ಇನ್ನೊಂದು ಹನಿ ಇನ್ನೊಂದು ಕಡಲಿಗೆ ಹೋಗಬಹುದು.

ನಮ್ಮ ಹಿಂಡಲಗಾದ ಪಕ್ಕದಲ್ಲೇ ಹರಿಯುವ ಮಾರ್ಕಂಡೇಯ ನದಿಯೂ ಹಾಗೆಯೇ. ಬೆಳಗಾವಿಗೆ ಕುಡಿಯುವ ನೀರು ಕೊಡುವ ರಕ್ಕಸಕೊಪ್ಪ ಜಲಾಶಯ ಈ ನದಿಯದೇ. ಮಾರ್ಕಂಡೇಯ ಘಟಪ್ರಭೆಗೆ, ಘಟಪ್ರಭೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ನಾವು ಈ ನದಿಗೆ ಎಸೆದ ಪ್ರತಿಯೊಂದು ಚೀಲವೂ ಕಡಲು ತಲುಪುತ್ತದೆ ಎಂದು ಹೇಳುವುದಿಲ್ಲ. ದಾರಿಯಲ್ಲಿ ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ ಎಂದು ಅಣೆಕಟ್ಟುಗಳ ಸಾಲೇ ಇದೆ. ಬಹಳಷ್ಟು ಅಲ್ಲಿಯೇ ನಿಲ್ಲುತ್ತದೆ. ಆದರೆ ದಾರಿ ಮಾತ್ರ ಅದೇ. ನಮ್ಮ ಮನೆಯ ಬಚ್ಚಲಿನಿಂದ ಹೊರಟ ನೀರಿಗೆ ಕೊನೆಯ ಊರು ಬಂಗಾಳ ಕೊಲ್ಲಿ.

ಆ ಕೊಲ್ಲಿಯ ಸುತ್ತ ಯಾರಿದ್ದಾರೆ? ಆಂಧ್ರ, ಒಡಿಶಾ, ಬಂಗಾಳದ ಮೀನುಗಾರರು. ಬಾಂಗ್ಲಾದೇಶ, ಮ್ಯಾನ್ಮಾರ್, ಶ್ರೀಲಂಕಾ ದೇಶದವರು. ನಾವು ನೋಡದ ಜನ, ನಮ್ಮ ಭಾಷೆ ಆಡದ ಜನ. “ನನ್ನ ನೆರೆಯವನು ಯಾರು?” ಎಂದು ಒಬ್ಬ ಧರ್ಮಶಾಸ್ತ್ರಿ ಯೇಸುಸ್ವಾಮಿಯನ್ನು ಕೇಳಿದ. ಸ್ವಾಮಿ ಅವನಿಗೆ ಒಳ್ಳೆಯ ಸಮಾರಿಯದವನ ಕಥೆ ಹೇಳಿದರು. ಇಂದು ನಾವು ಅದೇ ಪ್ರಶ್ನೆ ಕೇಳಿದರೆ, ನಮ್ಮ ನೀರು ಯಾರ ಬಾಗಿಲಿಗೆ ಹೋಗುತ್ತದೋ ಅವನೂ ನೆರೆಯವನೇ ಎಂದು ಉತ್ತರ ಬರುತ್ತದೆ.

ಎರಡು ದೋಣಿಗಳ ಶುಭಸಂದೇಶ

ಇಂದು ನಾವು ಕೇಳಿದ್ದು ಸಂತ ಲೂಕನ ಶುಭಸಂದೇಶದ ಐದನೆಯ ಅಧ್ಯಾಯ. ಸಿಮೋನನು ರಾತ್ರಿಯಿಡೀ ದುಡಿದು ಏನೂ ಸಿಗದೆ ಬಲೆ ತೊಳೆಯುತ್ತಿದ್ದ. ಸ್ವಾಮಿಯ ಮಾತಿನ ಮೇಲೆ ಮತ್ತೆ ಬಲೆ ಬೀಸಿದಾಗ, ಬಲೆ ಹರಿಯುವಷ್ಟು ಮೀನು ಬಿತ್ತು. ಆಗ ಸಿಮೋನನು ಏನು ಮಾಡಿದ? ಇದು ನನ್ನ ಬಲೆ, ನನ್ನ ಅದೃಷ್ಟ ಎಂದು ಒಬ್ಬನೇ ಎಳೆಯಲಿಲ್ಲ. ಇನ್ನೊಂದು ದೋಣಿಯಲ್ಲಿದ್ದ ಜೊತೆಗಾರರಿಗೆ ಸನ್ನೆ ಮಾಡಿ ಕರೆದ. ಅವರು ಬಂದರು. ಎರಡೂ ದೋಣಿಗಳು ತುಂಬಿದವು.

ನಾವು ಎಷ್ಟೋ ಸಲ ಈ ಪಾಠ ಕೇಳಿದ್ದೇವೆ. ಮೀನಿನ ರಾಶಿ ನಮ್ಮ ನೆನಪಿನಲ್ಲಿ ಉಳಿದಿದೆ; ಆ ಸನ್ನೆ ಉಳಿದಿಲ್ಲ. ಸಿಮೋನನು ಕರೆಯದಿದ್ದರೆ ಬಲೆ ಹರಿದು ಮೀನೂ ಇಲ್ಲ, ಬಲೆಯೂ ಇಲ್ಲ ಎಂಬ ಸ್ಥಿತಿ ಬರುತ್ತಿತ್ತು. ದೇವರ ಕೊಡುಗೆ ಒಂದು ದೋಣಿಗೆ ಹಿಡಿಸದಷ್ಟು ದೊಡ್ಡದು. ಅದಕ್ಕೆ ಜೊತೆಗಾರರು ಬೇಕೇ ಬೇಕು.

ಕಡಲಿನ ವಿಷಯದಲ್ಲಿ ಇದು ಅಕ್ಷರಶಃ ಸತ್ಯ. ಹೊಲಕ್ಕೆ ಬೇಲಿ ಹಾಕಬಹುದು, ಕಡಲಿಗೆ ಹಾಕಲಾಗದು. 1982ರಲ್ಲಿ ವಿಶ್ವಸಂಸ್ಥೆಯ ನೇತೃತ್ವದಲ್ಲಿ ರೂಪುಗೊಂಡ ಸಮುದ್ರ ಕಾನೂನು, ಪ್ರತಿ ಕರಾವಳಿ ದೇಶಕ್ಕೂ ದಡದಿಂದ 200 ನಾಟಿಕಲ್ ಮೈಲು, ಅಂದರೆ ಸುಮಾರು 370 ಕಿಲೋಮೀಟರ್‌ವರೆಗಿನ ಸಂಪತ್ತಿನ ಮೇಲೆ ಹಕ್ಕು ಕೊಟ್ಟಿತು; ಅದನ್ನು ಕಾಪಾಡುವ ಹೊಣೆಯನ್ನೂ ಹೊರಿಸಿತು. ಭಾರತ 1995ರಲ್ಲಿ ಅದನ್ನು ಅಂಗೀಕರಿಸಿತು. ಆದರೆ ಬಂಗಡೆ, ಸುರಮಾಯಿ, ಕಡಲಾಮೆಗಳಿಗೆ ಈ ಗೆರೆ ಗೊತ್ತಿಲ್ಲ. ಒಂದು ದೇಶದ ನೀರಿನಲ್ಲಿ ಮೊಟ್ಟೆಯಿಟ್ಟು, ಇನ್ನೊಂದು ದೇಶದ ನೀರಿನಲ್ಲಿ ಬೆಳೆದು, ಮೂರನೆಯ ದೇಶದ ಬಲೆಗೆ ಬೀಳುವ ಮೀನುಗಳಿವೆ. ಒಬ್ಬರು ಕಾಪಾಡಿ ಇನ್ನೊಬ್ಬರು ಗೋರಿದರೆ, ಕಾಪಾಡಿದವನು ಮೂರ್ಖನಾಗುತ್ತಾನೆ. ಮುಂದಿನ ವರ್ಷ ಅವನೂ ಗೋರತೊಡಗುತ್ತಾನೆ. ಕಡಲು ಬರಿದಾಗುವುದು ಹೀಗೆ.

ಇದಕ್ಕೆ ಒಳ್ಳೆಯ ಉದಾಹರಣೆಯೂ ನಮ್ಮ ಕಣ್ಣ ಮುಂದಿದೆ. ಕರ್ನಾಟಕ, ಗೋವಾ, ಮಹಾರಾಷ್ಟ್ರದ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗಿಳಿಯುವಂತಿಲ್ಲ. ಪೂರ್ವ ಕರಾವಳಿಯಲ್ಲಿ ಈ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಎರಡೂ ಕಡೆ 61 ದಿನ. ಇಂದಿನ ದಿನಾಂಕ ಗಮನಿಸಿ. ಜೂನ್ 13, ಸಂತ ಅಂತೋನಿಯವರ ಹಬ್ಬ, ಎರಡೂ ಕರಾವಳಿಗಳಲ್ಲಿ ದೊಡ್ಡ ದೋಣಿಗಳು ದಡದಲ್ಲಿ ನಿಂತಿರುವ ದಿನ. ಮೀನುಗಳಿಗೆ ಪ್ರಬೋಧನೆ ಮಾಡಿದ ಸಂತರ ಹಬ್ಬದಂದು ಮೀನುಗಳಿಗೆ ವಿಶ್ರಾಂತಿ! ಕಾರವಾರದ ದೋಣಿ ನಿಂತು ಗೋವೆಯ ದೋಣಿ ಹೊರಟರೆ ಈ ವಿಶ್ರಾಂತಿಗೆ ಅರ್ಥವಿಲ್ಲ. ಎಲ್ಲರೂ ಒಟ್ಟಿಗೆ ನಿಂತರೆ ಮಾತ್ರ ಅದು ವಿಶ್ರಾಂತಿ. ಮರುಭೂಮಿಯಲ್ಲಿ ಇಸ್ರಯೇಲರಿಗೆ ದೇವರು ಮನ್ನಾ ಕೊಟ್ಟಾಗ, ಆ ದಿನಕ್ಕೆ ಬೇಕಾದಷ್ಟನ್ನೇ ಕೂಡಿಸಿಕೊಳ್ಳಿ ಎಂಬ ನಿಯಮವಿತ್ತು. ಹೆಚ್ಚು ಕೂಡಿಟ್ಟವನ ಪಾತ್ರೆಯಲ್ಲಿ ಹುಳ ಬಿತ್ತು. ಆ ನಿಯಮ ಒಬ್ಬಿಬ್ಬರಿಗಲ್ಲ, ಪಾಳೆಯಕ್ಕೆಲ್ಲ ಇತ್ತು.

ಕಚ್ಚತೀವಿನ ಸಂತ ಅಂತೋನಿ

ಪ್ರಿಯರೇ, ಇಂದು ನಾವು ಆಚರಿಸುವ ಇದೇ ಸಂತರಿಗೆ ನಡುಗಡಲಿನಲ್ಲಿ ಒಂದು ದೇವಾಲಯವಿದೆ. ತಮಿಳುನಾಡಿನ ರಾಮೇಶ್ವರಕ್ಕೂ ಶ್ರೀಲಂಕಾಕ್ಕೂ ನಡುವಿನ ಪಾಲ್ಕ್ ಕೊಲ್ಲಿಯಲ್ಲಿ ಕಚ್ಚತೀವು ಎಂಬ ಪುಟ್ಟ ದ್ವೀಪವಿದೆ. ವಿಸ್ತೀರ್ಣ 285 ಎಕರೆ. ಅಲ್ಲಿ ಜನವಸತಿ ಇಲ್ಲ, ಕುಡಿಯುವ ನೀರಿಲ್ಲ. ಇರುವುದು ಸಂತ ಅಂತೋನಿಯವರ ದೇವಾಲಯ ಮಾತ್ರ. ಮೀನುಗಾರರ ಭಕ್ತಿಯಿಂದಲೇ ಎದ್ದ ದೇವಾಲಯ ಅದು. ಹೊಸ ಕಟ್ಟಡ 2016ರ ಡಿಸೆಂಬರಿನಲ್ಲಿ ಆಶೀರ್ವಾದಗೊಂಡಿತು.

1974ರಲ್ಲಿ ಭಾರತ ಮತ್ತು ಶ್ರೀಲಂಕಾ ಒಪ್ಪಂದ ಮಾಡಿಕೊಂಡು ಗಡಿ ಗೆರೆ ಎಳೆದಾಗ ಈ ದ್ವೀಪ ಶ್ರೀಲಂಕಾದ ಕಡೆಗೆ ಹೋಯಿತು. ಆದರೆ ಯಾತ್ರಿಕರು ಪ್ರಯಾಣಪತ್ರ, ವೀಸಾ ಇಲ್ಲದೆ ಹಿಂದಿನಂತೆಯೇ ಬಂದು ಹೋಗಬಹುದೆಂದು ಅದೇ ಒಪ್ಪಂದದಲ್ಲಿ ಬರೆಯಲಾಯಿತು. 1976ರಲ್ಲಿ, ಒಂದು ದೇಶದ ಮೀನುಗಾರರು ಇನ್ನೊಂದು ದೇಶದ ನೀರಿನಲ್ಲಿ ಮೀನು ಹಿಡಿಯಬಾರದೆಂದೂ ತೀರ್ಮಾನವಾಯಿತು. ಪ್ರತಿವರ್ಷ ತಪಸ್ಸುಕಾಲದ ಸುಮಾರಿಗೆ ಅಲ್ಲಿ ಹಬ್ಬ ನಡೆಯುತ್ತದೆ. ರಾಮೇಶ್ವರದಿಂದಲೂ ಜಾಫ್ನಾದಿಂದಲೂ ದೋಣಿಗಳು ಬರುತ್ತವೆ. ಶಿಲುಬೆಹಾದಿ, ತೇರು, ಬಲಿಪೂಜೆ ಎಲ್ಲವೂ ಇರುತ್ತವೆ. ಎರಡೂ ದೇಶದ ಗುರುಗಳು ಒಂದೇ ಬಲಿಪೀಠದ ಸುತ್ತ ನಿಲ್ಲುತ್ತಾರೆ. ಒಂದೇ ಪರಮಪ್ರಸಾದವನ್ನು ಎರಡೂ ದೇಶದವರು ಸ್ವೀಕರಿಸುತ್ತಾರೆ.

ಮರುದಿನ ಅದೇ ಜನ ಅದೇ ನೀರಿನಲ್ಲಿ ಎದುರಾಳಿಗಳು. ಏಕೆ?

1950-60ರ ದಶಕಗಳಲ್ಲಿ ನಮ್ಮ ದೇಶದಲ್ಲಿ ಯಾಂತ್ರಿಕ ಟ್ರಾಲರ್‌ಗಳು ಬಂದವು. ಸಮುದ್ರದ ತಳವನ್ನೇ ಗುಡಿಸಿ ಎಳೆಯುವ ಬಲೆ ಅವುಗಳದು. ಸಿಗಡಿಗೆ ಹೊರದೇಶದಲ್ಲಿ ಒಳ್ಳೆಯ ಬೆಲೆ ಸಿಕ್ಕಿತು. ಆದರೆ ತಳದ ಹುಲ್ಲು, ಮರಿಗಳು, ಮೊಟ್ಟೆಗಳು ಎಲ್ಲವೂ ಆ ಬಲೆಗೆ ಬಿದ್ದವು. ನಮ್ಮ ಕಡೆಯ ಪಾಲ್ಕ್ ಕೊಲ್ಲಿ ಬಡವಾಯಿತು. ಆಚೆ ಕಡೆ 1983ರಿಂದ 2009ರವರೆಗೆ ಯುದ್ಧ. ಅಲ್ಲಿನ ತಮಿಳು ಮೀನುಗಾರರು ಬಹುಕಾಲ ಕಡಲಿಗೆ ಇಳಿಯಲಾಗಲಿಲ್ಲ. ನಮ್ಮ ಟ್ರಾಲರ್‌ಗಳು ಆ ಕಡೆಗೂ ಹೋಗುವುದು ರೂಢಿಯಾಯಿತು. ಯುದ್ಧ ಮುಗಿದು ಅವರು ಸಣ್ಣ ದೋಣಿ, ಸಾಲದ ಬಲೆಗಳೊಂದಿಗೆ ಮತ್ತೆ ಕಡಲಿಗೆ ಇಳಿದಾಗ, ರಾತ್ರಿ ಹಾಕಿದ ಬಲೆ ಬೆಳಿಗ್ಗೆ ಟ್ರಾಲರ್‌ಗೆ ಸಿಕ್ಕಿ ಚಿಂದಿಯಾಗಿರುತ್ತಿತ್ತು.

ಇತ್ತ ರಾಮೇಶ್ವರದ ಕೂಲಿಯಾಳು ಕೂಡ ಶ್ರೀಮಂತನಲ್ಲ. ದೋಣಿ ಬೇರೆಯವರದು, ಸಾಲ ತನ್ನದು. ಗಡಿ ದಾಟಿದರೆ ಶ್ರೀಲಂಕಾ ನೌಕಾಪಡೆ ಹಿಡಿಯುತ್ತದೆ; ದೋಣಿ ಜಪ್ತಿ, ಸೆರೆಮನೆ. ಗುಂಡೇಟಿಗೆ ಪ್ರಾಣ ಬಿಟ್ಟವರೂ ಇದ್ದಾರೆ. ಎರಡೂ ದಡಗಳಲ್ಲಿ ಕಣ್ಣೀರಿಡುವ ತಾಯಂದಿರಿದ್ದಾರೆ, ಎರಡೂ ಕಡೆಯವರು ಇದೇ ಸಂತ ಅಂತೋನಿಯವರ ಮುಂದೆ ಮೇಣದಬತ್ತಿ ಹಚ್ಚುತ್ತಾರೆ.

ಪತ್ರಿಕೆಯಲ್ಲಿ ‘ಭಾರತದ ಮೀನುಗಾರರ ಬಂಧನ’ ಎಂದು ಓದಿದಾಗ ನಮ್ಮ ಮನಸ್ಸು ಕೂಡಲೇ ನಮ್ಮವರ ಪರ ನಿಲ್ಲುತ್ತದೆ. ನಿಲ್ಲಲಿ, ತಪ್ಪಿಲ್ಲ. ಆದರೆ ಆಚೆ ದಡದ ಬಡವನ ಹರಿದ ಬಲೆಯನ್ನೂ ನೋಡುವುದು ಕ್ರೈಸ್ತರ ಕರ್ತವ್ಯ. ನಮ್ಮವರೆಂಬ ಕಾರಣಕ್ಕೆ ನಮ್ಮವರ ಪ್ರತಿಯೊಂದು ನಡೆಯೂ ನ್ಯಾಯವಾಗುವುದಿಲ್ಲ. ಸಮಾರಿಯದವನ ಕಥೆ ಕೇಳಿದ ಯೆಹೂದ್ಯರಿಗೆ ಕಷ್ಟವಾದದ್ದು ಇದೇ.

ದಾರಿ ಇಲ್ಲವೆಂದಲ್ಲ. 2010ರಿಂದ ಹಲವು ಸಲ ಎರಡೂ ಕಡೆಯ ಮೀನುಗಾರರ ಪ್ರತಿನಿಧಿಗಳು ಎದುರುಬದುರು ಕುಳಿತು ಮಾತಾಡಿದರು. 2016ರಲ್ಲಿ ಎರಡೂ ಸರ್ಕಾರಗಳು ಜಂಟಿ ಕಾರ್ಯತಂಡ ರಚಿಸಿ, ತಳ ಗುಡಿಸುವ ಮೀನುಗಾರಿಕೆಯನ್ನು ಕೊನೆಗಾಣಿಸಬೇಕೆಂದು ಒಪ್ಪಿದವು. 2017ರಲ್ಲಿ ಶ್ರೀಲಂಕಾ ತನ್ನ ನೀರಿನಲ್ಲಿ ಅದನ್ನು ಕಾನೂನಿನಿಂದ ನಿಷೇಧಿಸಿತು. ಅದೇ ವರ್ಷ ಭಾರತ, ಪಾಲ್ಕ್ ಕೊಲ್ಲಿಯ 2,000 ಟ್ರಾಲರ್‌ಗಳ ಬದಲಿಗೆ ಆಳಸಮುದ್ರದ ದೋಣಿಗಳನ್ನು ಕೊಡಿಸುವ ಯೋಜನೆ ಆರಂಭಿಸಿತು. ಅದು ಅಂದುಕೊಂಡ ವೇಗದಲ್ಲಿ ಸಾಗಲಿಲ್ಲ. 2022ರಲ್ಲಿ ತಮಿಳುನಾಡು ಸರ್ಕಾರ ಪಾಲ್ಕ್ ಕೊಲ್ಲಿಯ 448 ಚದರ ಕಿಲೋಮೀಟರ್ ಪ್ರದೇಶವನ್ನು ಕಡಲಹಸುವಿನ ಸಂರಕ್ಷಣೆಗೆಂದು ಮೀಸಲಿಟ್ಟಿತು. ಕಡಲಹಸು ಎಂದರೆ ಸಮುದ್ರದ ತಳದ ಹುಲ್ಲನ್ನೇ ಮೇಯುವ ಸಾಧುಪ್ರಾಣಿ. ಟ್ರಾಲರ್ ಗುಡಿಸುವುದು ಅದರ ಹುಲ್ಲುಗಾವಲನ್ನೇ. ನಾವು ಈ ಕಡೆ ಕಾಪಾಡಿದ ಕಡಲಹಸು ಆ ಕಡೆ ಈಜಿ ಹೋದಾಗ ಅದನ್ನು ಕಾಪಾಡುವವರು ಅವರೇ ಆಗಬೇಕು.

2024ರಲ್ಲಿ, ಬಂಧಿತ ಮೀನುಗಾರರಿಗೆ ಶಿಕ್ಷೆಯಾದುದನ್ನು ಪ್ರತಿಭಟಿಸಿ ರಾಮೇಶ್ವರದ ಜನ ಕಚ್ಚತೀವಿನ ಹಬ್ಬಕ್ಕೆ ಹೋಗಲಿಲ್ಲ. ಅವರ ನೋವು ನಮಗೆ ಅರ್ಥವಾಗುತ್ತದೆ. ಆದರೆ ಒಂದೇ ಬಲಿಪೀಠದ ಮುಂದೆ ನಿಲ್ಲುವ ವರ್ಷದ ಒಂದೇ ಅವಕಾಶವೂ ತಪ್ಪಿದಾಗ ಉಳಿಯುವುದು ಬಂದೂಕು ಮತ್ತು ನ್ಯಾಯಾಲಯ ಮಾತ್ರ. 2025ರ ಮಾರ್ಚಿನಲ್ಲಿ ದೋಣಿಗಳು ಮತ್ತೆ ಹೊರಟವು ಎಂಬುದು ಸಮಾಧಾನದ ಸಂಗತಿ.

ದೇಶಗಳು ಕೈ ಜೋಡಿಸಿದಾಗ

ನಮ್ಮ ಸುತ್ತಲಿನ ದೇಶಗಳು ಈ ಕೆಲಸವನ್ನು ಪೂರ್ತಿ ಮರೆತಿಲ್ಲ. 1982ರಲ್ಲಿ ದಕ್ಷಿಣ ಏಷ್ಯಾದ ದೇಶಗಳು ಪರಿಸರಕ್ಕಾಗಿ ಕೊಲಂಬೊದಲ್ಲಿ ಒಂದು ಸಹಕಾರ ಸಂಸ್ಥೆಯನ್ನು ಕಟ್ಟಿಕೊಂಡವು. 1995ರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ಈ ಐದು ದೇಶಗಳು ತಮ್ಮ ಕಡಲುಗಳ ರಕ್ಷಣೆಗೆ ಜಂಟಿ ಕಾರ್ಯಯೋಜನೆಯನ್ನು ಒಪ್ಪಿಕೊಂಡವು. ಬೇರೆಲ್ಲಿಯೂ ಒಂದೇ ಮೇಜಿಗೆ ಬರಲು ಒಲ್ಲದವರು ಕಡಲಿಗಾಗಿ ಬಂದರು. 2003ರಲ್ಲಿ ಭಾರತ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ಸೇರಿ ಸಣ್ಣ ಮೀನುಗಾರರ ಹಿತಕ್ಕಾಗಿ ಚೆನ್ನೈಯಲ್ಲಿ ಬಂಗಾಳ ಕೊಲ್ಲಿ ಕಾರ್ಯಕ್ರಮವನ್ನು ಅಂತರಸರ್ಕಾರಿ ಸಂಸ್ಥೆಯಾಗಿ ರೂಪಿಸಿದವು.

ಯಾವ ದೇಶಕ್ಕೂ ಸೇರದ ನಡುಗಡಲಿನ ಕಥೆಯೂ ಹೀಗೆಯೇ. 1967ರಲ್ಲಿ ಮಾಲ್ಟಾ ಎಂಬ ಪುಟ್ಟ ದ್ವೀಪದೇಶದ ರಾಯಭಾರಿ ಅರ್ವಿದ್ ಪಾರ್ದೊ ವಿಶ್ವಸಂಸ್ಥೆಯಲ್ಲಿ ಎದ್ದು ನಿಂತು, ಆಳಸಮುದ್ರದ ತಳ ಬಲಿಷ್ಠರ ಸ್ವತ್ತಲ್ಲ, ಮನುಕುಲದ ಸಮಾನ ಪಿತ್ರಾರ್ಜಿತ ಎಂದು ವಾದಿಸಿದರು. 2025ರಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸ್‌ರವರು 2015ರ ತಮ್ಮ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ, ಸಮುದ್ರಗಳನ್ನು ಆಳುವ ನಿಯಮಗಳು ಚೂರುಚೂರಾಗಿವೆ, ಜಾರಿಗೊಳಿಸುವವರೇ ಇಲ್ಲ ಎಂದು ಮರುಗಿದರು. 2023ರ ಜೂನ್ 19ರಂದು ವಿಶ್ವಸಂಸ್ಥೆ ನಡುಗಡಲಿನ ಜೀವಸಂಪತ್ತಿನ ರಕ್ಷಣೆಯ ಒಪ್ಪಂದವನ್ನು ಅಂಗೀಕರಿಸಿತು. ಭಾರತ 2024ರಲ್ಲಿ ಅದಕ್ಕೆ ಸಹಿ ಹಾಕಿತು. ಅರವತ್ತು ದೇಶಗಳು ಸ್ಥಿರೀಕರಿಸಿದ ಮೇಲೆ 2026ರ ಜನವರಿ 17ರಂದು ಅದು ಜಾರಿಗೆ ಬಂದಿತು.

ಇದೆಲ್ಲ ಏಕೆ ಬೇಕು? 2021ರಲ್ಲಿ ಕೊಲಂಬೊ ಬಳಿ ‘ಎಕ್ಸ್‌ಪ್ರೆಸ್ ಪರ್ಲ್’ ಎಂಬ ಸರಕು ಹಡಗಿಗೆ ಬೆಂಕಿ ಬಿತ್ತು. ರಾಸಾಯನಿಕಗಳ ಜೊತೆ ಅಕ್ಕಿಕಾಳಿನಂಥ ಪ್ಲಾಸ್ಟಿಕ್ ಹರಳುಗಳು ಟನ್ನುಗಟ್ಟಲೆ ಕಡಲಿಗೆ ಬಿದ್ದು ದಡವೆಲ್ಲ ಬೆಳ್ಳಗಾಯಿತು. ಸತ್ತ ಕಡಲಾಮೆಗಳು ದಡಕ್ಕೆ ಬಂದವು. ಆ ಬೆಂಕಿ ಆರಿಸಲು ಭಾರತದ ಕರಾವಳಿ ಕಾವಲು ಪಡೆಯ ಹಡಗುಗಳು ಹೋಗಿ ದಿನಗಟ್ಟಲೆ ನೀರು ಸುರಿದವು. ಇನ್ನೊಂದು ದೋಣಿಯವರು ಸನ್ನೆ ಮಾಡಿದಾಗ ಹೋಗುವುದೆಂದರೆ ಇದು. ನಾಲ್ಕು ವರ್ಷಗಳ ಬಳಿಕ, 2025ರ ಮೇ 25ರಂದು, ಕೇರಳದ ಕರಾವಳಿಯಾಚೆ ‘ಎಂಎಸ್‌ಸಿ ಎಲ್ಸಾ 3’ ಎಂಬ ಹಡಗು 640 ಕಂಟೇನರ್‌ಗಳೊಂದಿಗೆ ಮುಳುಗಿತು. ಅಂಥದೇ ಹರಳುಗಳು ಈಗ ನಮ್ಮ ದಡಕ್ಕೆ ಬಂದವು. ಅಂದು ಅವರ ಸರದಿ, ಇಂದು ನಮ್ಮದು.

ಒಪ್ಪಂದ ಹೃದಯಕ್ಕೆ ಇಳಿಯಲಿ

ಒಪ್ಪಂದಗಳನ್ನು ಸಚಿವರು, ರಾಯಭಾರಿಗಳು ಮಾಡುತ್ತಾರೆ. ನಾವು ಹಿಂಡಲಗಾದವರು ಮಾಡಬೇಕಾದದ್ದೇನು? ಮೊದಲು ನಮ್ಮ ಮಾತನ್ನು ತಿದ್ದಿಕೊಳ್ಳಬೇಕು.

ಮಹದಾಯಿಯ ವಿವಾದ ನಮಗೆಲ್ಲ ಗೊತ್ತು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ಅಡಿ ನೀರು ಹಂಚಿತು. ಅದರ ಬಳಿಕವೂ ಮೂರೂ ರಾಜ್ಯಗಳು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವು. ಯಾರ ಪಾಲು ಎಷ್ಟೆಂದು ತೀರ್ಪು ಕೊಡುವ ಸ್ಥಳ ಈ ಬಲಿಪೀಠವಲ್ಲ. ನರಗುಂದ, ನವಲಗುಂದದ ರೈತನ ಬಾಯಾರಿಕೆ ಸುಳ್ಳಲ್ಲ. ಮಾಂಡೋವಿಯ ದಡದ ಮೀನುಗಾರನ ಆತಂಕವೂ ಸುಳ್ಳಲ್ಲ. ಖಾನಾಪುರದ ಕಾಡಿನ ಹಳ್ಳಿಯವನ ಚಿಂತೆಯೂ ಸುಳ್ಳಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಕನ್ನಡ, ಕೊಂಕಣಿ, ಮರಾಠಿ ಆಡುವ ಕುಟುಂಬಗಳು ಒಂದೇ ಪೀಠದಲ್ಲಿ ಕೂರುತ್ತವೆ. ಎಷ್ಟೋ ಮನೆಗಳ ಹೆಣ್ಣುಮಕ್ಕಳು ಗೋವೆಯ ಸೊಸೆಯರು.

ಆದರೆ ಒಂದು ಮಾತನ್ನು ನಾವು ಬಿಡಬೇಕು. ‘ಕಡಲಿಗೆ ಹರಿದು ವ್ಯರ್ಥವಾಗುವ ನೀರು’ ಎಂದು ನಾವು ಹೇಳುತ್ತಿರುತ್ತೇವೆ. ಕಡಲಿಗೆ ಹೋದ ನೀರೆಲ್ಲ ವ್ಯರ್ಥವಲ್ಲ. ನದಿ ಕಡಲು ಸೇರುವ ಅಳಿವೆಯಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುತ್ತವೆ. ಸಿಗಡಿಯ ಮರಿಗಳು, ಎಷ್ಟೋ ಜಾತಿಯ ಮೀನಿನ ಮರಿಗಳು ಬೆಳೆಯುವುದು ಅಲ್ಲಿ. ಚಿಪ್ಪಿಕಲ್ಲು ಹೆಕ್ಕಿ ಸಂಸಾರ ಸಾಗಿಸುವ ಹೆಂಗಸರು ಬದುಕುವುದೂ ಅಲ್ಲಿಂದಲೇ. ಸಿಹಿನೀರು ಬಾರದಿದ್ದರೆ ಅಳಿವೆ ಬಂಜೆಯಾಗುತ್ತದೆ. ಸಂತ ಅಂತೋನಿಯವರು ನಿಂತು ಮೀನುಗಳನ್ನು ಕರೆದದ್ದು ಅಂಥ ಜಾಗದಲ್ಲೇ. ನಮಗೆ ನೀರು ಬೇಕು ಎಂದು ಕೇಳುವುದು ನ್ಯಾಯ. ಆಚೆಯವರಿಗೆ ಹೋಗುವುದು ವ್ಯರ್ಥ ಎನ್ನುವುದು ನ್ಯಾಯವಲ್ಲ. ಮೊದಲನೆಯ ಮಾತಿನಿಂದ ಮಾತುಕತೆ ಆರಂಭವಾಗಬಹುದು. ಎರಡನೆಯದರಿಂದ ಬಾಗಿಲು ಮುಚ್ಚುತ್ತದೆ.

ಇನ್ನು ಕೈಯಿಂದ ಆಗುವ ಕೆಲಸಗಳು. ಈ ಎರಡು ತಿಂಗಳು ಮೀನು ದುಬಾರಿಯಾದರೆ ಗೊಣಗದಿರೋಣ. ಆ ಬೆಲೆಯಲ್ಲಿ ನಾಳೆಯ ಮೀನಿದೆ. ನಿಷೇಧ ಮುಗಿದ ಮೇಲೂ ಬೆರಳುದ್ದದ ಮರಿಮೀನುಗಳ ರಾಶಿ ಅಗ್ಗವಾಗಿ ಸಿಕ್ಕರೆ ಕೊಳ್ಳದಿರೋಣ. ಕೇರಳ 2015ರಲ್ಲೇ 10 ಸೆಂಟಿಮೀಟರ್‌ಗಿಂತ ಚಿಕ್ಕ ಭೂತಾಯಿ ಮೀನು ಹಿಡಿಯಬಾರದೆಂದು ನಿಯಮ ಮಾಡಿತು. ಕೊಳ್ಳುವವರಿಲ್ಲದಿದ್ದರೆ ಹಿಡಿಯುವವರೂ ನಿಲ್ಲಿಸುತ್ತಾರೆ. ಮಾರ್ಕಂಡೇಯದ ದಡದಲ್ಲಿ ಚೀಲ, ಬಾಟಲಿ, ಹಾರ ಎಸೆಯುವುದನ್ನು ನಮ್ಮ ಮನೆಯಿಂದಲೇ ನಿಲ್ಲಿಸೋಣ. ಇಂದಿನ ಹಬ್ಬದೂಟಕ್ಕೆ ಥರ್ಮಾಕೋಲ್ ತಟ್ಟೆಯ ಬದಲು ಎಲೆಯೋ ಸ್ಟೀಲಿನ ತಟ್ಟೆಯೋ ಇರಲಿ. ಯುವಜನರು ಮಳೆ ನಿಂತ ಮೇಲೆ ಒಂದು ಭಾನುವಾರ ನದಿ ದಡಕ್ಕೆ ಇಳಿಯಲಿ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಮೀನುಗಾರರಿಗಾಗಿ ಪ್ರಾರ್ಥಿಸುವಾಗ ರಾಮೇಶ್ವರದವರ ಜೊತೆ ಜಾಫ್ನಾದವರನ್ನೂ, ಗುಜರಾತಿನವರ ಜೊತೆ ಕರಾಚಿಯವರನ್ನೂ ಹೆಸರಿಸೋಣ. ಭಾರತ, ಪಾಕಿಸ್ತಾನಗಳು ಪ್ರತಿವರ್ಷ ಜನವರಿ 1 ಮತ್ತು ಜುಲೈ 1ರಂದು ತಮ್ಮಲ್ಲಿರುವ ಕೈದಿಗಳ, ಮೀನುಗಾರರ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತವೆ. ಸೆರೆಮನೆ ಇರುವ ಊರಿನವರಾದ ನಮಗೆ, ಗೋಡೆಯೊಳಗಿನ ಮನುಷ್ಯನಿಗೂ ಹೊರಗೆ ಕಾಯುವ ಮನೆಯೊಂದಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಬಲಿಪೂಜೆಯ ಬಳಿಕ ಸಂತ ಅಂತೋನಿಯವರ ರೊಟ್ಟಿಯನ್ನು ಹಂಚುತ್ತೇವೆ. ಬಡವರಿಗೆ ರೊಟ್ಟಿ ಕೊಡುವ ಈ ಪದ್ಧತಿ ಸಂತರ ಹೆಸರಿನಲ್ಲಿ ಲೋಕದ ತುಂಬ ಇದೆ. ಅದನ್ನು ಕೈಗೆ ತೆಗೆದುಕೊಳ್ಳುವಾಗ ಅರ್ಧವನ್ನು ಪಕ್ಕದವರಿಗೆ ಮುರಿದು ಕೊಡಿರಿ. ದೇವರು ಕಡಲನ್ನು ಸೃಷ್ಟಿಸಿ, ಅದರ ಜೀವಿಗಳಿಗೆ ಹೆಚ್ಚಿ ನೀರನ್ನು ತುಂಬಿರೆಂದು ಆಶೀರ್ವದಿಸಿದ ಮಾತು ಆದಿಕಾಂಡದ ಮೊದಲ ಅಧ್ಯಾಯದಲ್ಲೇ ಇದೆ. ಮನುಷ್ಯನನ್ನು ಸೃಷ್ಟಿಸುವ ಮೊದಲೇ ಕೊಟ್ಟ ಆಶೀರ್ವಾದ ಅದು. ಅದನ್ನು ಹಿಂತೆಗೆದುಕೊಳ್ಳುವ ಅಧಿಕಾರ ಯಾವ ದೇಶಕ್ಕೂ ಇಲ್ಲ.

ಪ್ರಾರ್ಥಿಸೋಣ: ಕಳೆದುದನ್ನು ಹುಡುಕಿಕೊಡುವ ಸಂತ ಅಂತೋನಿಯವರೇ, ನಮ್ಮ ಕಡಲುಗಳಲ್ಲಿ ಕಳೆದುಹೋಗುತ್ತಿರುವ ಜೀವಗಳನ್ನು ಉಳಿಸಿಕೊಳ್ಳುವ ಬುದ್ಧಿಯನ್ನು ಆಳುವವರಿಗೆ ಬೇಡಿಕೊಡಿರಿ. ಕಡಲಿನಲ್ಲಿ ಕಾಣೆಯಾದವರನ್ನು, ಪರದೇಶದ ಸೆರೆಯಲ್ಲಿರುವವರನ್ನು ಅವರ ಮನೆಗಳಿಗೆ ಕರೆತನ್ನಿರಿ. ಇನ್ನೊಂದು ದೋಣಿಯಲ್ಲಿರುವವರನ್ನು ಜೊತೆಗಾರರೆಂದು ಕಾಣುವ ಕಣ್ಣನ್ನು ನಮಗೆ ದೊರಕಿಸಿರಿ. ನಮ್ಮ ಪ್ರಭುವಾದ ಯೇಸುಕ್ರಿಸ್ತರ ಮುಖಾಂತರ. ಆಮೆನ್.